ಟ್ರೆಡ್‌ಮಿಲ್ 228 ಅನ್ನುತ್ತೆ, ವಾಚ್ 171 ಅನ್ನುತ್ತೆ. ಯಾವ ಕ್ಯಾಲರಿ ಲೆಕ್ಕ ನಂಬೋದು?

ಮೂರನೇಮಹಡಿ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಜೆ.ಪಿ. ನಗರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಜಿಮ್‌ಗೆ ನಾಲ್ಕು ತಿಂಗಳಿಂದ ಹೋಗುತ್ತಿದ್ದೇನೆ. ವಯಸ್ಸು 38, ತೂಕ 62 ಕೆ.ಜಿ. ಒಂದು ವಿಷಯ ತಲೆ ತಿನ್ನುತ್ತಿದೆ.

ನಿನ್ನೆ ಟ್ರೆಡ್‌ಮಿಲ್‌ನಲ್ಲಿ 45 ನಿಮಿಷ ನಡೆದೆ. ಗಂಟೆಗೆ 5.5 ಕಿ.ಮೀ., ಇಂಕ್ಲೈನ್ (ಬೆಲ್ಟಿನ ಏರು) ಸೊನ್ನೆ. ಕೊನೆಗೆ ಪರದೆ ಮೇಲೆ 228 ಕ್ಯಾಲರಿ, ಕೈಯಲ್ಲಿದ್ದ ವಾಚ್‌ನಲ್ಲಿ 171. ಇವತ್ತು ಪಕ್ಕದ ಕ್ರಾಸ್ ಟ್ರೈನರ್‌ನಲ್ಲಿ (ನಿಂತು ಪೆಡಲ್ ತುಳಿಯುತ್ತಾ ಕೈಯಲ್ಲಿ ಹಿಡಿ ತಳ್ಳೋ ಮಷೀನ್) ಅದೇ 45 ನಿಮಿಷ. ಅದು 460 ತೋರಿಸಿತು! ವಾಚ್ 265. ಸುಸ್ತು ಎರಡೂ ದಿನ ಹೆಚ್ಚುಕಮ್ಮಿ ಒಂದೇ.

ನಾನು ತಿನ್ನೋದನ್ನೆಲ್ಲ ಬರೆದಿಡುತ್ತೇನೆ. ಮಷೀನ್ ಹೇಳಿದ ನಂಬರನ್ನ ಮೊಬೈಲ್ ಆ್ಯಪ್‌ಗೆ ಹಾಕುತ್ತೇನೆ. "ಇವತ್ತು ಇನ್ನೂ ಇಷ್ಟು ತಿನ್ನಬಹುದು" ಅಂತ ಅದು ಹೇಳುತ್ತೆ, ಅಷ್ಟು ತಿನ್ನುತ್ತೇನೆ. ವಾರಕ್ಕೆ ಐದು ದಿನ ತಪ್ಪಿಸಿಲ್ಲ. ಲೆಕ್ಕದ ಪ್ರಕಾರ ಮೂರು ಕೆ.ಜಿ. ಇಳಿಯಬೇಕಿತ್ತು. ಇಳಿದದ್ದು 900 ಗ್ರಾಂ. ಎಲ್ಲಿ ತಪ್ಪುತ್ತಿದೆ?

ಗಾಂಧಿಬಜಾರ್ ಗುರು

ಕ್ರಾಸ್ ಟ್ರೈನರ್ ನಂಬಲೇಬೇಡಿ. ನಮ್ಮ ಜಿಮ್‌ನಲ್ಲೂ ಇದೇ ಕಥೆ. ಗಿರಾಕಿ ಖುಷಿಯಾಗಲಿ ಅಂತ ಕಂಪನಿಯವರು ಬೇಕಂತಲೇ ಜಾಸ್ತಿ ತೋರಿಸುತ್ತಾರೆ.

ಸ್ಯಾಂಕಿಕೆರೆ ವಾಕರ್

ಏನಮ್ಮಾ, ನನಗೆ 67 ವರ್ಷ. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಸ್ಯಾಂಕಿ ಕೆರೆ ಸುತ್ತುತ್ತಿದ್ದೇನೆ. ಕ್ಯಾಲರಿ ಅಂತ ಒಂದು ದಿನ ನೋಡಿಲ್ಲ. ಪ್ಯಾಂಟಿನ ಸೊಂಟ ಬಿಗಿಯಾಯಿತಾ, ಸಡಿಲವಾಯಿತಾ, ಅಷ್ಟೇ. ಮಷೀನ್ ಬಿಟ್ಟು ಹೊರಗೆ ನಡೆಯಿರಿ.

ಮೂರನೇಮಹಡಿ

ಅಂಕಲ್, ಆಸೆ ನನಗೂ ಇದೆ. ಆಫೀಸಿಂದ ಬಂದು, ಮಗಳಿಗೆ ಊಟ ಮಾಡಿಸಿ ಕೆಳಗಿಳಿಯುವ ಹೊತ್ತಿಗೆ ರಾತ್ರಿ ಒಂಬತ್ತು. ನಮ್ಮ ರಸ್ತೆಯ ಫುಟ್‌ಪಾತ್ ಅಗೆದು ಹಾಗೇ ಬಿಟ್ಟಿದ್ದಾರೆ. ಬೀದಿದೀಪ ಮೂರರಲ್ಲಿ ಒಂದು ಉರಿಯುತ್ತೆ. ಜಿಮ್ ಇದೆ ಅಂತಲೇ ನಾನು ನಡೆಯುತ್ತಿರೋದು.

ಉಸಿರುಲೆಕ್ಕ

ಕ್ರೀಡಾ ವಿಜ್ಞಾನ ಓದಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮಷೀನ್‌ಗೆ ನಿಮ್ಮ ಕ್ಯಾಲರಿ ಅಳೆಯೋಕೆ ಬರುವುದಿಲ್ಲ. ಬೆಲ್ಟ್ ಎಷ್ಟು ವೇಗವಾಗಿ ಓಡುತ್ತಿದೆ, ಮುಂದೆ ಎಷ್ಟು ಎತ್ತಿದೆ, ಇಷ್ಟೇ ಅದಕ್ಕೆ ಗೊತ್ತು. ಉಳಿದದ್ದೆಲ್ಲ ಗುಣಾಕಾರ. ನಿಜವಾಗಿ ಅಳೆಯಬೇಕಾದರೆ ಮುಖಕ್ಕೆ ಮಾಸ್ಕ್ ಕಟ್ಟಿ, ಎಷ್ಟು ಆಮ್ಲಜನಕ ದೇಹ ಬಳಸಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಬಂತು ಅಂತ ನೋಡಬೇಕು. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕಿಲೋಕ್ಯಾಲರಿ. (ನಾವು ಬಾಯಿಮಾತಿಗೆ ಕ್ಯಾಲರಿ ಅನ್ನೋದೇ ಈ ಕಿಲೋಕ್ಯಾಲರಿಗೆ.) ನಾನು ಹಾಕಿಸಿಕೊಂಡಿದ್ದೇನೆ. ರಬ್ಬರ್ ಮೂಗಿನ ಮೂಳೆ ಮೇಲೆ ಒತ್ತುತ್ತೆ. ಹತ್ತು ನಿಮಿಷಕ್ಕೆ ಗಲ್ಲದ ಹತ್ತಿರ ಬೆವರು ತುಂಬಿ ಮಾಸ್ಕ್ ಜಾರೋಕೆ ಶುರುವಾಗುತ್ತೆ. ಒಂದು ಕಡೆ ಸಂದಿ ಬಿಟ್ಟರೂ ಗಾಳಿ ಸೋರಿ ಲೆಕ್ಕ ಕೆಡುತ್ತೆ.

ಇಷ್ಟೆಲ್ಲ ಎಲ್ಲರಿಗೂ ಮಾಡೋಕಾಗಲ್ಲ ಅಂತಲೇ ಸೂತ್ರಗಳು ಬಂದದ್ದು. ನಡಿಗೆಗೆ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನವರ ಸೂತ್ರ ಸುಲಭ. ನಿಮಿಷಕ್ಕೆ ಎಷ್ಟು ಮೀಟರ್ ನಡೆದಿರೋ ಅದರ ಹತ್ತನೇ ಒಂದು ಭಾಗ, ಅದಕ್ಕೆ 3.5 ಕೂಡಿಸಿ. ಪ್ರತಿ ಕೆ.ಜಿ. ತೂಕಕ್ಕೆ ಪ್ರತಿ ನಿಮಿಷ ಅಷ್ಟು ಮಿಲಿಲೀಟರ್ ಆಮ್ಲಜನಕ ಬೇಕು. ಗಂಟೆಗೆ 5.5 ಕಿ.ಮೀ. ಅಂದರೆ ನಿಮಿಷಕ್ಕೆ 91.7 ಮೀಟರ್. 9.17ಕ್ಕೆ 3.5 ಸೇರಿದರೆ 12.67. ನಿಮ್ಮ 62 ಕೆ.ಜಿ.ಗೆ 45 ನಿಮಿಷಕ್ಕೆ ಸುಮಾರು 177 ಕ್ಯಾಲರಿ.

ಈಗ 228ಕ್ಕೆ ಬನ್ನಿ. ಇದೇ ಸೂತ್ರದಲ್ಲಿ 228 ಬರಬೇಕಾದರೆ ತೂಕ 80 ಕೆ.ಜಿ. ಇರಬೇಕು. ಶುರು ಮಾಡುವಾಗ ನಿಮ್ಮ ತೂಕ ಹಾಕಿದ್ದಿರಾ?

ಮೂರನೇಮಹಡಿ

ಇಲ್ಲ! ಹಸಿರು ಗುಂಡಿ ಒತ್ತುತ್ತೇನೆ, ಬೆಲ್ಟ್ ಓಡುತ್ತೆ. ಅದು ತೂಕ ಕೇಳೋದೇ ಇಲ್ಲ.

ಬೆಲ್ಟ್‌ಮೇಷ್ಟ್ರು

ಸಿಕ್ಕಿತು ನೋಡಿ. ಜಿಮ್ ಮಷೀನ್ ರಿಪೇರಿ ಮಾಡೋದೇ ನನ್ನ ಕೆಲಸ, 12 ವರ್ಷ ಆಯಿತು. ಹತ್ತರಲ್ಲಿ ಒಂಬತ್ತು ಜನ ಕ್ವಿಕ್ ಸ್ಟಾರ್ಟ್ ಒತ್ತುತ್ತಾರೆ. ಆಗ ಮಷೀನ್ ತನ್ನೊಳಗೆ ಮೊದಲೇ ಇಟ್ಟಿರುವ ತೂಕ ತೆಗೆದುಕೊಳ್ಳುತ್ತೆ. ಕೆಲವದರಲ್ಲಿ 70, ಕೆಲವದರಲ್ಲಿ 80. ಮೆನುವಿನಲ್ಲಿ 'ಪ್ರೋಗ್ರಾಂ' ಗುಂಡಿ ಒತ್ತಿ ನೋಡಿ ಅಕ್ಕಾ, ತೂಕ, ವಯಸ್ಸು ಎರಡೂ ಕೇಳುತ್ತೆ. ಬಹಳ ಮಷೀನ್‌ಗಳಲ್ಲಿ ಇದೆ, ಯಾರೂ ಮುಟ್ಟಿರಲ್ಲ.

ಗಾಂಧಿಬಜಾರ್ ಗುರು

ನಾನು ಹೇಳಿದ್ದೂ ಅದೇ ತಾನೇ? 60 ಇಡಬಹುದಿತ್ತು. 80 ಯಾಕೆ ಇಟ್ಟರು? ಜಾಸ್ತಿ ಕಾಣಲಿ ಅಂತ.

ಬೆಲ್ಟ್‌ಮೇಷ್ಟ್ರು

ಗುರುಗಳೇ, ಯಾವುದಾದರೂ ಒಂದು ತೂಕ ಇಡಲೇಬೇಕಲ್ಲ. 95 ಕೆ.ಜಿ. ಇರುವವರು ಅದೇ ಬೆಲ್ಟ್ ಹತ್ತಿದರೆ ಕಮ್ಮಿ ತೋರಿಸುತ್ತೆ. ಆಗ ಕಂಪನಿ ಯಾರಿಗೆ ಖುಷಿ ಕೊಟ್ಟ ಹಾಗಾಯಿತು? ಕ್ರಾಸ್ ಟ್ರೈನರ್ ವಿಷಯದಲ್ಲಿ ನಿಮ್ಮ ಮಾತಿಗೆ ನಾನು ಎದುರು ಹೇಳಲ್ಲ. ಟ್ರೆಡ್‌ಮಿಲ್ ಮೇಲೆ ಸುಮ್ನೆ ಅಪವಾದ ಹೊರಿಸಬೇಡಿ.

ತುಪ್ಪದ ದೋಸೆ

ಹಾಗಾದರೆ ವಾಚ್ ಸರಿ ಅಲ್ವಾ? 177 ಎಲ್ಲಿ, 171 ಎಲ್ಲಿ. ಹತ್ತಿರವೇ ಇದೆ.

ಉಸಿರುಲೆಕ್ಕ

ಆ ದಿನದ ನಡಿಗೆಗೆ ಹತ್ತಿರ ಬಂತು, ಅಷ್ಟೇ. ಅಷ್ಟಕ್ಕೇ ವಾಚ್ ಸರಿ ಅನ್ನೋಕಾಗಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಕೈಪಟ್ಟಿ, ವಾಚ್‌ಗಳನ್ನ 60 ಜನರ ಮೇಲೆ ಪರೀಕ್ಷೆ ಮಾಡಿದರು. ಎದೆಬಡಿತ ಏಳರಲ್ಲಿ ಆರು ಚೆನ್ನಾಗಿ ಹಿಡಿದವು, ತಪ್ಪು 5 ಶೇಕಡಾದೊಳಗೆ. ಕ್ಯಾಲರಿಗೆ ಬಂದರೆ ಎಲ್ಲಕ್ಕಿಂತ ಒಳ್ಳೆಯದು ಸರಾಸರಿ 27 ಶೇಕಡಾ ತಪ್ಪು, ಎಲ್ಲಕ್ಕಿಂತ ಕೆಟ್ಟದ್ದು 93 ಶೇಕಡಾ. ಆಮೇಲೆ ಹೊಸ ವಾಚ್‌ಗಳು ಬಂದಿವೆ, ನಿಜ. ಆದರೆ ಕಷ್ಟ ಅದೇ: ಎದೆಬಡಿತ ನೋಡಿ ಖರ್ಚು ಊಹಿಸಬೇಕು. ಎದೆ ಜೋರಾಗಿ ಬಡಿಯೋಕೆ ಕೆಲಸ ಒಂದೇ ಕಾರಣ ಅಲ್ಲ. ಸೆಕೆ, ಸ್ಟ್ರಾಂಗ್ ಕಾಫಿ, ಭಯ, ನಿದ್ದೆಗೇಡು, ಎಲ್ಲ ಸೇರುತ್ತೆ.

ರಾಗಿರೊಟ್ಟಿ

ಇದಕ್ಕೆ ನಮ್ಮ ಅಪ್ಪನ ವಿಷಯ ಹೇಳಲೇಬೇಕು. ಅವರಿಗೆ ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ಕೊಟ್ಟಿದ್ದಾರೆ. ಅದು ಎದೆಬಡಿತವನ್ನೇ ತಗ್ಗಿಸಿ ಇಡುತ್ತೆ. ಎಷ್ಟು ಬಿರುಸಾಗಿ ನಡೆದರೂ 95 ದಾಟಲ್ಲ. ವಾಚ್ ಪ್ರಕಾರ ಅವರು ನಡೆದೇ ಇಲ್ಲ. ಟ್ರೆಡ್‌ಮಿಲ್ ಪ್ರಕಾರ ದಿನಾ 300.

ಅಪ್ಪ ನಂಬಿದ್ದು ಟ್ರೆಡ್‌ಮಿಲ್ಲನ್ನ. ಸಕ್ಕರೆ ಕಾಯಿಲೆ ಇದೆ. "300 ಕರಗಿಸಿದ್ದೀನಿ ಕಣೇ" ಅಂತ ಯುಗಾದಿ ಆದ ಮೇಲೂ ವಾರಗಟ್ಟಲೆ ಸಂಜೆ ಒಂದು ಹೋಳಿಗೆ, ಮೇಲೆ ತುಪ್ಪ. ಮೂರು ತಿಂಗಳ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಅಂಕಿ) 7.1 ಇದ್ದದ್ದು 8.2 ಆಗಿತ್ತು. ಡಾಕ್ಟರ್ ಮುಂದೆ ಅವರು ತಲೆ ತಗ್ಗಿಸಿ ಕೂತದ್ದು ಇನ್ನೂ ಕಣ್ಣ ಮುಂದಿದೆ. "ದಿನಾ ನಡೆದಿದ್ದೀನಲ್ಲ ಸಾರ್" ಅಂತ ಎರಡು ಸಲ ಹೇಳಿದರು. ನಿಜವಾಗಿಯೂ ನಡೆದಿದ್ದರು. ಅವರ ಶ್ರದ್ಧೆಯಲ್ಲಿ ತಪ್ಪಿರಲಿಲ್ಲ, ನಂಬರ್‌ನಲ್ಲಿತ್ತು. ಅದಕ್ಕೇ ಈ ವಿಷಯ ಅಂದರೆ ನನಗೆ ಹೊಟ್ಟೆ ಉರಿಯುತ್ತೆ.

ಟ್ರ್ಯಾಕ್ ಕೋಚ್

ರಾಗಿರೊಟ್ಟಿಯವರೇ, ಅಪ್ಪ ನಡೆಯುವಾಗ ಮುಂದಿನ ಹಿಡಿ ಹಿಡಿದುಕೊಳ್ಳುತ್ತಿದ್ದರಾ?

ರಾಗಿರೊಟ್ಟಿ

ಹೌದು ಸರ್, ಎರಡೂ ಕೈಯಲ್ಲಿ. ಇಂಕ್ಲೈನ್ 10 ಇಟ್ಟು 30 ನಿಮಿಷ. ವೇಗ 5. ತೂಕ 75 ಕೆ.ಜಿ., ಅದನ್ನ ನಾನೇ ಹಾಕಿಕೊಟ್ಟಿದ್ದೆ.

ಟ್ರ್ಯಾಕ್ ಕೋಚ್

ಅಲ್ಲೇ ಹೋಯಿತು ನೋಡಿ. ಅದೇ ಸೂತ್ರದಲ್ಲಿ 75 ಕೆ.ಜಿ.ಯವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ಸಮತಟ್ಟಿನಲ್ಲಿ ನಡೆದರೆ ಸುಮಾರು 133. ಇಂಕ್ಲೈನ್ 10 ಇಟ್ಟರೆ, ಸೂತ್ರದಲ್ಲಿ ಏರಿನ ಪಾಲೂ ಸೇರಿ, 300. ಹೆಚ್ಚಿನ ಅಷ್ಟೂ ಖರ್ಚು ಮೈಭಾರವನ್ನ ಮೇಲಕ್ಕೆ ಎತ್ತೋದಕ್ಕೆ. ಹಿಡಿ ಹಿಡಿದು ಹಿಂದಕ್ಕೆ ಜೋತುಬಿದ್ದರೆ ಆ ಭಾರದಲ್ಲಿ ಒಂದು ಪಾಲು ಕೈಗೆ, ಕೈಯಿಂದ ಮಷೀನಿಗೆ ಹೋಗುತ್ತೆ. ಬೆಲ್ಟ್‌ಗೆ ಅದು ಗೊತ್ತಾಗಲ್ಲ. 300 ಅಂತಲೇ ಬರೆಯುತ್ತಾ ಹೋಗುತ್ತೆ.

ಹಾಗಂತ ವಯಸ್ಸಾದವರಿಗೆ ಒಂದೇ ಸಲ ಹಿಡಿ ಬಿಡಿಸಬೇಡಿ. ಇಂಕ್ಲೈನ್ ಇಳಿಸಿ, ವೇಗ ಇಳಿಸಿ, ಮೊದಲು ಎರಡು ಬೆರಳು ಮಾತ್ರ ಇಟ್ಟು ನಡೆಯಲಿ. ಬಿದ್ದರೆ ಕ್ಯಾಲರಿ ಕಟ್ಟಿಕೊಂಡು ಏನು ಮಾಡೋದು.

ರಾಗಿರೊಟ್ಟಿ

ಇದನ್ನ ಯಾರೂ ಹೇಳಿರಲಿಲ್ಲ ಸರ್. ತುಂಬಾ ಥ್ಯಾಂಕ್ಸ್. ಇವತ್ತೇ ಅಪ್ಪನಿಗೆ ತೋರಿಸುತ್ತೇನೆ.

ಪೆಡಲ್560

ಕ್ಯಾಲರಿ ನಂಬಬೇಕು ಅಂದರೆ ಸೈಕಲ್‌ಗೆ ಬನ್ನಿ. ಪವರ್ ಮೀಟರ್ (ತುಳಿತದ ಶಕ್ತಿಯನ್ನ ವಾಟ್‌ನಲ್ಲಿ ಅಳೆಯೋ ಸಾಧನ) ಇರುವ ಸೈಕಲ್‌ನಲ್ಲಿ ಊಹೆ ಕಮ್ಮಿ. ಒಂದು ಗಂಟೆ 150 ವಾಟ್ ತುಳಿದರೆ 540 ಕಿಲೋಜೂಲ್ ಕೆಲಸ. ಒಂದು ಕ್ಯಾಲರಿಗೆ 4.184 ಕಿಲೋಜೂಲ್, ಅಂದರೆ 129 ಕ್ಯಾಲರಿ ಪೆಡಲ್‌ಗೆ ಸೇರಿತು. ಆದರೆ ನಮ್ಮ ದೇಹ ಖರ್ಚು ಮಾಡಿದ್ದರಲ್ಲಿ ಸುಮಾರು ಕಾಲು ಭಾಗ ಮಾತ್ರ ಪೆಡಲ್‌ಗೆ ಹೋಗೋದು, ಉಳಿದದ್ದು ಶಾಖ. ಹಾಗಾಗಿ ಒಟ್ಟು ಖರ್ಚು ಮತ್ತೆ 540ರ ಹತ್ತಿರಕ್ಕೇ ಬರುತ್ತೆ. ಎಷ್ಟು ಕಿಲೋಜೂಲೋ ಅಷ್ಟೇ ಕ್ಯಾಲರಿ ಅಂತ ನಾವು ಲೆಕ್ಕ ಇಟ್ಟುಕೊಳ್ಳೋದು ಇದಕ್ಕೇ. ನಂದಿ ಬೆಟ್ಟ ಹತ್ತಿ ಬಂದ ದಿನ ಇದನ್ನ ನೋಡೋದೇ ಒಂದು ಸಂತೋಷ.

ಬೆಲ್ಟ್‌ಮೇಷ್ಟ್ರು

ಜಿಮ್ ಸೈಕಲ್‌ಗಳೆಲ್ಲ ಹಾಗಿಲ್ಲ ಸರ್. ಎಷ್ಟೋ ಸೈಕಲ್‌ಗಳಲ್ಲಿ ವಾಟ್ ಅಳೆಯೋ ಸೆನ್ಸರ್ ಇರಲ್ಲ. ಲೆವೆಲ್ ಎಷ್ಟು, ನಿಮಿಷಕ್ಕೆ ಎಷ್ಟು ಸುತ್ತು ಅಂತ ನೋಡಿ ಊಹಿಸುತ್ತವೆ. ಬ್ರೇಕ್ ಪ್ಯಾಡ್ ಸವೆದಿದ್ದರೆ ಲೆವೆಲ್ 8 ಅಂತ ತೋರಿಸಿದರೂ ಕಾಲಿಗೆ 5ರಷ್ಟೇ ಹಗುರ.

ಹುಟ್ಟುಗೋಲು

ರೋಯಿಂಗ್ ಮಷೀನ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಕಾನ್ಸೆಪ್ಟ್2 ರೋವರ್‌ನಲ್ಲಿ ನಿಮ್ಮ ತೂಕ ಹಾಕೋಕೆ ಜಾಗವೇ ಇಲ್ಲ. ಅದು ಎಲ್ಲರನ್ನೂ 175 ಪೌಂಡ್, ಅಂದರೆ 79 ಕೆ.ಜಿ. ಚಿಲ್ಲರೆ ಅಂತ ಲೆಕ್ಕ ಹಾಕುತ್ತೆ. ಮೆಚ್ಚಬೇಕಾದ್ದು ಏನಂದರೆ ಇದನ್ನ ಮುಚ್ಚಿಟ್ಟಿಲ್ಲ. ಸೂತ್ರ ಅವರೇ ಕೊಟ್ಟಿದ್ದಾರೆ: ವಾಟ್‌ನ 3.44 ಪಟ್ಟು, ಅದಕ್ಕೆ 300 ಕೂಡಿಸಿದರೆ ಗಂಟೆಯ ಕ್ಯಾಲರಿ. 100 ವಾಟ್‌ಗೆ 644. 60 ಕೆ.ಜಿ.ಯವರು ತೂಕಕ್ಕೆ ತಕ್ಕ ಹಾಗೆ ಸರಿಮಾಡಿಕೊಂಡರೆ ಸುಮಾರು 570.

ತುಪ್ಪದ ದೋಸೆ

ಇವೆಲ್ಲದಕ್ಕೂ ಲೆಕ್ಕ ಇದ್ದರೆ ಕ್ರಾಸ್ ಟ್ರೈನರ್ ಮಾತ್ರ ಯಾಕೆ 460 ಅಂತ ಹಾರುತ್ತೆ?

ಉಸಿರುಲೆಕ್ಕ

ನಡಿಗೆಗೆ, ಓಟಕ್ಕೆ ಎಲ್ಲರೂ ಒಪ್ಪಿದ ಸೂತ್ರ ಇದೆ. ನೆಲದ ಮೇಲೆ ನಡೆಯೋದು ಎಲ್ಲ ಕಡೆ ಒಂದೇ ಥರ. ಕ್ರಾಸ್ ಟ್ರೈನರ್ ಹಾಗಲ್ಲ. ಒಂದರ ಹೆಜ್ಜೆ ಉದ್ದ, ಒಂದರದ್ದು ಗಿಡ್ಡ. ಒಂದರ ಚಕ್ರ ಭಾರ, ಒಂದರದ್ದು ಹಗುರ. ಒಂದು ಕಂಪನಿಯ ಲೆವೆಲ್ 6 ಇನ್ನೊಂದರ ಲೆವೆಲ್ 6 ಅಲ್ಲ. ಹಾಗಾಗಿ ಒಬ್ಬೊಬ್ಬರದ್ದು ಒಂದೊಂದು ಸೂತ್ರ. ಜೊತೆಗೆ, ಚಕ್ರ ಒಮ್ಮೆ ವೇಗ ಹಿಡಿದರೆ ಅದೇ ಕಾಲನ್ನ ಎಳೆದುಕೊಂಡು ಹೋಗುತ್ತೆ. ಸುತ್ತು ಎಣಿಸೋ ಮಷೀನ್‌ಗೆ ನೀವು ತಳ್ಳಿದಿರಾ, ಅದೇ ತಿರುಗಿತಾ ಗೊತ್ತಾಗಲ್ಲ.

ಅದಕ್ಕೇ 460ನ್ನ ಆ್ಯಪ್‌ಗೆ ಹಾಕಲೇಬೇಡಿ ಮೇಡಂ. ಇನ್ನೊಂದು ಮುಖ್ಯವಾದ ವಿಷಯ ಇದೆ, ಇದು ಬಹಳ ಜನರಿಗೆ ಗೊತ್ತಿರಲ್ಲ. ಸೂತ್ರದಲ್ಲಿ 3.5 ಕೂಡಿಸಿದೆವಲ್ಲ, ಅದು ಸುಮ್ಮನೆ ಕೂತಿದ್ದರೂ ಖರ್ಚಾಗುವ ಆಮ್ಲಜನಕ. ನಿಮ್ಮ 177ರಲ್ಲಿ 49 ಆ ಬಾಬ್ತು. ಸೋಫಾ ಮೇಲೆ ಕೂತಿದ್ದರೂ ಆ 49 ಹೋಗುತ್ತಿತ್ತು. ನಡೆದದ್ದರಿಂದ ಹೆಚ್ಚಿಗೆ ಹೋದದ್ದು 128. ಆ್ಯಪ್ ನಿಮ್ಮ ಇಡೀ ದಿನದ ಲೆಕ್ಕದಲ್ಲಿ ಆ 49 ಆಗಲೇ ಸೇರಿಸಿರುತ್ತೆ. ನೀವು ಮಷೀನ್ ನಂಬರ್ ಹಾಕಿದಾಗ ಎರಡು ಸಲ ಎಣಿಸಿದ ಹಾಗಾಗುತ್ತೆ.

ಪೆಡಲ್560

ಅಂದರೆ ಟ್ರೆಡ್‌ಮಿಲ್ ದಿನಗಳಲ್ಲಿ 228 ಹಾಕಿದ್ದೀರಿ, ಹಾಕಬೇಕಿದ್ದದ್ದು 128. ದಿನಕ್ಕೆ 100 ಜಾಸ್ತಿ. ವಾರಕ್ಕೆ ಐದು ದಿನ, 17 ವಾರ, 85 ದಿನ. ಎಲ್ಲ ದಿನವೂ ಟ್ರೆಡ್‌ಮಿಲ್ ಅಂತಲೇ ಇಟ್ಟುಕೊಂಡರೂ 8,500 ಕ್ಯಾಲರಿ. ಒಂದು ಕೆ.ಜಿ. ಕೊಬ್ಬು ಕರಗೋಕೆ ಸುಮಾರು 7,700. ಕ್ರಾಸ್ ಟ್ರೈನರ್ ದಿನಗಳನ್ನ ಸೇರಿಸಿದರೆ ನಿಮ್ಮ ಕಾಣೆಯಾದ ಎರಡು ಕೆ.ಜಿ.ಯಲ್ಲಿ ಬಹುಪಾಲು ಸಿಕ್ಕಿತು.

ಮೂರನೇಮಹಡಿ

ಓದಿ ಸುಮ್ಮನೆ ಕೂತುಬಿಟ್ಟೆ. ನಾಲ್ಕು ತಿಂಗಳು ನನ್ನ ದೇಹದಲ್ಲೇ ಏನೋ ದೋಷ ಇದೆ ಅಂದುಕೊಂಡಿದ್ದೆ. ಥೈರಾಯ್ಡ್ ಪರೀಕ್ಷೆ ಕೂಡ ಮಾಡಿಸಿದೆ, ನಾರ್ಮಲ್ ಬಂತು.

ತುಪ್ಪದ ದೋಸೆ

128 ಅಂದರೆ ತಿಂಡಿಯಲ್ಲಿ ಎಷ್ಟು?

ಉಸಿರುಲೆಕ್ಕ

ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ. 5 ಗ್ರಾಂ ಹಿಡಿಯೋ ಚಮಚದಲ್ಲಿ ತುಪ್ಪ 45. ಮೂರು ಚಮಚ ತುಂಬಿದರೆ 135. 45 ನಿಮಿಷದ ನಡಿಗೆ ಅಲ್ಲಿಗೆ ಮುಗಿಯಿತು.

ತುಪ್ಪದ ದೋಸೆ

ಮೂರೇ ಚಮಚ! ಬಸವನಗುಡಿಯಲ್ಲಿ ಒಂದು ದೋಸೆ ಮೇಲೆ ಸುರಿಯೋದೇ ಅಷ್ಟಿರುತ್ತೆ.

ಗಾಂಧಿಬಜಾರ್ ಗುರು

ಅಷ್ಟು ಸುರಿಯದಿದ್ದರೆ ಅದು ದೋಸೆಯೇ ಅಲ್ಲ. ಇದರಲ್ಲಿ ಮಾತ್ರ ನಾನು ರಾಜಿ ಆಗಲ್ಲ.

ಸ್ಯಾಂಕಿಕೆರೆ ವಾಕರ್

ಮಲ್ಲೇಶ್ವರಂ ದೋಸೆ ತಿನ್ನಿ, ಆಮೇಲೆ ಮಾತಾಡಿ.

ಟ್ರ್ಯಾಕ್ ಕೋಚ್

ದೋಸೆ ಜಗಳಕ್ಕೆ ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಮಹಿಳೆಯೊಬ್ಬರು ಕಷ್ಟ ಹೇಳಿಕೊಂಡಿದ್ದಾರೆ.

ಉಸಿರುಲೆಕ್ಕ ಅವರೇ, ಆ 3.5 ಎಲ್ಲರಿಗೂ ಸರಿಯಾ? ನಮ್ಮ ಜನಕ್ಕೆ ಅದು ಜಾಸ್ತಿ ಅಂತ ಕೇಳಿದ್ದೆ.

ಉಸಿರುಲೆಕ್ಕ

ಒಳ್ಳೆ ಪ್ರಶ್ನೆ ಸರ್. ಬಹಳ ಜನರಿಗೆ ಜಾಸ್ತಿಯೇ. 2005ರಲ್ಲಿ 700ಕ್ಕೂ ಹೆಚ್ಚು ಜನರನ್ನ ಅಳೆದ ಒಂದು ಅಧ್ಯಯನದಲ್ಲಿ ಸರಾಸರಿ 2.6ರ ಆಸುಪಾಸು ಬಂತು. ಅದು ಭಾರತದ್ದಲ್ಲ. ನಮ್ಮವರ ಬಗ್ಗೆ ಹೇಳುವುದಾದರೆ, ಇಲ್ಲೇ ಕೋರಮಂಗಲದ ಹತ್ತಿರ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಭಾರತೀಯರ ವಿಶ್ರಾಂತಿ ಖರ್ಚಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ವಿದೇಶಿ ಸಮೀಕರಣ ನಮಗೆ ಹಾಗೇ ಹೊಂದಲ್ಲ ಅಂತ 1990ರ ದಶಕದಲ್ಲೇ ನಮ್ಮವರಿಗೆ ಬೇರೆ ಸಮೀಕರಣ ಕೊಟ್ಟರು. ಬೆಂಗಳೂರಿನಲ್ಲೇ ಆದ ಕೆಲಸ, ನಮಗೇ ಗೊತ್ತಿರಲ್ಲ. ನೋಡಿದಾಗೆಲ್ಲ ಹೆಮ್ಮೆಯಾಗುತ್ತೆ.

ಸ್ನಾಯು ಜಾಸ್ತಿ ಇರುವವರಿಗೂ ಕಮ್ಮಿ ಇರುವವರಿಗೂ ತೂಕ ಒಂದೇ ಇರಬಹುದು, ಖರ್ಚು ಒಂದೇ ಇರಲ್ಲ. ತೂಕದ ಯಂತ್ರಕ್ಕೆ ಅದೂ ಕಾಣಲ್ಲ.

ಗಾಂಧಿಬಜಾರ್ ಗುರು

ಹಾಗಾದರೆ ಆ ಪರದೆ ಮೇಲೆ ಕ್ಯಾಲರಿ ಇಡೋದೇ ಯಾಕೆ? ತೆಗೆದುಹಾಕಲಿ.

ಟ್ರ್ಯಾಕ್ ಕೋಚ್

ತೆಗೆಯೋದು ಬೇಡ ಸರ್. ನನ್ನ ಹತ್ತಿರ ಬರುವವರಿಗೆ ಹೀಗೆ ಹೇಳುತ್ತೇನೆ. ಅದೇ ಮಷೀನ್, ಅದೇ ತೂಕ ಹಾಕಿ, ಹಿಡಿ ಬಿಟ್ಟು ನಡೆಯಿರಿ. ಹೋದ ತಿಂಗಳು ಅರ್ಧ ಗಂಟೆಗೆ 110 ಬರುತ್ತಿತ್ತು, ಈ ತಿಂಗಳು ಅದೇ ಸುಸ್ತಿಗೆ 130 ಬಂತಾ? ನಿಮ್ಮ ಶಕ್ತಿ ಹೆಚ್ಚಿದೆ. ಆ ಹೋಲಿಕೆ ಸುಳ್ಳಾಗಲ್ಲ. ಒಂದು ಮಷೀನ್‌ನ ನಂಬರನ್ನ ಇನ್ನೊಂದರ ಜೊತೆ ಹೋಲಿಸೋದು, ಅದನ್ನ ತಟ್ಟೆಗೆ ತರೋದು, ಇವೆರಡು ಬಿಡಿ.

ಸ್ಯಾಂಕಿಕೆರೆ ವಾಕರ್

ಇದು ನಾನು ಒಪ್ಪುವ ಮಾತು. ನಾನೂ ಮೊದಲು ಒಂದು ಸುತ್ತಿಗೆ ಎಷ್ಟು ನಿಮಿಷ ಅಂತ ಕೈಗಡಿಯಾರ ನೋಡುತ್ತಿದ್ದೆ.

ಬೆಲ್ಟ್‌ಮೇಷ್ಟ್ರು

ಕೋಚ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವೇಗವೇ ತಪ್ಪಿದ್ದರೆ? ಎಣ್ಣೆ ಕಾಣದ ಬೆಲ್ಟ್ ಕೆಳಗಿನ ಹಲಗೆಗೆ ಉಜ್ಜುತ್ತೆ. ಸಡಿಲ ಬೆಲ್ಟ್ ಹೆಜ್ಜೆ ಬಿದ್ದಾಗಲೆಲ್ಲ ಒಂದು ಕ್ಷಣ ಜಾರುತ್ತೆ. ಪರದೆ 6 ಅನ್ನುತ್ತೆ, ಕಾಲ ಕೆಳಗೆ 5.6 ಇರುತ್ತೆ. ಅಪಾರ್ಟ್‌ಮೆಂಟ್ ಜಿಮ್‌ಗಳಲ್ಲಿ ಇದು ಬಹಳ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮುಗಿದು ವರ್ಷವಾಗಿರುತ್ತೆ, ಯಾರೂ ನೋಡಿರಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪ್ಲಗ್ ತೆಗೆದು, ಬೆಲ್ಟ್ ಅಂಚಿಗೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ. ಬೆಲ್ಟನ್ನ ಕೈಯಲ್ಲಿ ತಿರುಗಿಸುತ್ತಾ ಒಂದು ಸುತ್ತಿನ ಉದ್ದ ಅಳೆಯಿರಿ. 3.2 ಮೀಟರ್ ಬಂತು ಅಂದುಕೊಳ್ಳಿ. ಆಮೇಲೆ ಪ್ಲಗ್ ಹಾಕಿ ಒಬ್ಬರು 6ರಲ್ಲಿ ನಡೆಯಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಟೇಪ್ ಎಷ್ಟು ಸಲ ಬಂತು ಅಂತ ಒಂದು ನಿಮಿಷ ಎಣಿಸಲಿ. ಖಾಲಿ ಓಡಿಸಿ ಎಣಿಸಬೇಡಿ, ಮೇಲೆ ಆಳಿದ್ದಾಗಲೇ ಜಾರೋದು. ಗಂಟೆಗೆ 6 ಅಂದರೆ ನಿಮಿಷಕ್ಕೆ 100 ಮೀಟರ್, 31 ಸುತ್ತು ಬರಬೇಕು. 29 ಬಂದರೆ ನಿಮ್ಮ ವೇಗ 5.6ರ ಹತ್ತಿರ. ಕೈ ಬೆಲ್ಟ್ ಹತ್ತಿರ ಹೋಗದಂತೆ ನೋಡಿಕೊಳ್ಳಿ, ಮಕ್ಕಳನ್ನ ದೂರ ಇಡಿ.

ಹುಟ್ಟುಗೋಲು

ಎಣ್ಣೆ ಅಂದರೆ ಯಾವುದು ಅಣ್ಣಾ? ನಮ್ಮ ಸೆಕ್ಯೂರಿಟಿಯವರು ತೆಂಗಿನೆಣ್ಣೆ ಹಾಕಿದ್ದಾರೆ.

ಬೆಲ್ಟ್‌ಮೇಷ್ಟ್ರು

ಅಯ್ಯೋ, ಬೇಡ! ಸಿಲಿಕೋನ್ ಎಣ್ಣೆ ಮಾತ್ರ. ತೆಂಗಿನೆಣ್ಣೆ ಧೂಳು ಹಿಡಿದು ಅಂಟಾಗುತ್ತೆ. ಬೆಲ್ಟ್ ಎತ್ತಿ ಒಣಬಟ್ಟೆಯಲ್ಲಿ ಪೂರ್ತಿ ಒರೆಸಿಸಿ, ಆಮೇಲೆ ಸಿಲಿಕೋನ್ ಹಾಕಿಸಿ.

ಮೂರನೇಮಹಡಿ (ಗುರುವಾರ ರಾತ್ರಿ)

ಎಲ್ಲರಿಗೂ ವರದಿ. ಇವತ್ತು ಗುಂಡಿ ಹುಡುಕಿ ತೂಕ 62 ಹಾಕಿದೆ. ಅದರಲ್ಲಿ ಮೊದಲೇ ಇದ್ದದ್ದು 80, ನನ್ನ ಕಣ್ಣಾರೆ ನೋಡಿದೆ! 45 ನಿಮಿಷ, ಅದೇ 5.5. ಕೊನೆಗೆ 176. ಉಸಿರುಲೆಕ್ಕ ಅವರೇ, ನಿಮಗೆ ಕೈ ಮುಗಿಯುತ್ತೇನೆ.

ಆ್ಯಪ್‌ನಲ್ಲಿ ವ್ಯಾಯಾಮದ ಕ್ಯಾಲರಿ ಸೇರಿಸೋದನ್ನ ನಿಲ್ಲಿಸಿದ್ದೇನೆ. ಅಸೋಸಿಯೇಷನ್ ಗ್ರೂಪ್‌ನಲ್ಲಿ ಹೇಳಿ, ಮಷೀನ್ ಮೇಲೆ "ಮೊದಲು ನಿಮ್ಮ ತೂಕ ಹಾಕಿ" ಅಂತ ಚೀಟಿ ಅಂಟಿಸಿದೆ. ಕೆಳಗಿನ ಮನೆಯ ಅಜ್ಜಿ ದಿನಾ ಬೆಳಿಗ್ಗೆ ಬರುತ್ತಾರೆ. ಅವರ ತೂಕ 48. ಅವರಿಗೂ 80 ಅಂತಲೇ ಲೆಕ್ಕ ಹಾಕುತ್ತಿತ್ತು.

ರಾಗಿರೊಟ್ಟಿ

ಅಪ್ಪ ಇವತ್ತು ಇಂಕ್ಲೈನ್ 2ರಲ್ಲಿ, ಒಂದೇ ಕೈ ಇಟ್ಟು 20 ನಿಮಿಷ ನಡೆದರು. ಇಳಿದ ಮೇಲೆ "ಇದು ಬೇರೆ ಥರವೇ ಇದೆಯಲ್ಲೇ" ಅಂದರು.

ಬೆಲ್ಟ್‌ಮೇಷ್ಟ್ರು

ಅಕ್ಕಾ, ಟೇಪ್ ಅಂಟಿಸಿ ಎಣಿಸಿದಿರಾ?

ಮೂರನೇಮಹಡಿ

ಭಾನುವಾರ ಅಣ್ಣಾ. ಎಣಿಸೋಕೆ ಮಗಳು ಬರುತ್ತಾಳೆ, ದೂರದಲ್ಲೇ ನಿಲ್ಲಿಸುತ್ತೇನೆ.